ಮಂಗನ ಕಾಯಿಲೆ: ಮಲೆನಾಡಿನ ಜನ ಪದೇ ಪದೇ ಕೇಳುವ ಪ್ರಶ್ನೆಗಳು

ಅಡಿಕೆ ಕೊಯ್ಲು ಮುಗಿದು ಬೆಟ್ಟದಲ್ಲಿ ದರಕು (ಉದುರಿದ ಒಣ ಎಲೆ) ಗುಡಿಸುವ ಕೆಲಸ ಶುರುವಾಗುವ ಹೊತ್ತಿಗೆ ಸಾಗರ, ಸೊರಬ, ತೀರ್ಥಹಳ್ಳಿ, ಸಿದ್ದಾಪುರ, ಕೊಪ್ಪದ ಕಡೆ ಎಲ್ಲಿ ಹೋದರೂ ಇದೇ ಮಾತು. ಎಲ್ಲೋ ಮಂಗ ಸತ್ತಿದೆಯಂತೆ, ಯಾರಿಗೋ ಜ್ವರವಂತೆ. ಅದರ ಜೊತೆಗೆ ಅರ್ಧ ನಿಜ, ಅರ್ಧ ಸುಳ್ಳು ಬೆರೆತ ವಾಟ್ಸಾಪ್ ಸಂದೇಶಗಳು ಬೇರೆ. ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಒಂದೇ ಕಡೆ ಸೇರಿಸಿ ಉತ್ತರ ಬರೆದಿದ್ದೇನೆ.

ಪೂರ್ತಿ ಓದಲು ಪುರುಸೊತ್ತಿಲ್ಲದವರು ಇಷ್ಟು ಓದಿ: ನವೆಂಬರ್‌ನಿಂದ ಮೇ ತಿಂಗಳ ಒಳಗೆ, ಕಾಡಿಗೋ ಬೆಟ್ಟಕ್ಕೋ ಹೋಗಿ ಬಂದವರಿಗೆ ಜ್ವರ ಬಂದರೆ ಮೆಡಿಕಲ್ ಶಾಪಿನ ಮಾತ್ರೆ ನುಂಗಿಕೊಂಡು ಕಾಯಬೇಡಿ. ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, "ನಾನು ಬೆಟ್ಟಕ್ಕೆ ಹೋಗಿದ್ದೆ" ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ.

ಮಂಗನ ಕಾಯಿಲೆ ಅಂದರೆ ಏನು? ಕೆಎಫ್‌ಡಿ ಅನ್ನೋದೂ ಇದನ್ನೇನಾ?

ಹೌದು, ಎರಡೂ ಒಂದೇ. ಕ್ಯಾಸನೂರು ಫಾರೆಸ್ಟ್ ಡಿಸೀಸ್ ಅನ್ನುವುದರ ಚಿಕ್ಕ ಹೆಸರು ಕೆಎಫ್‌ಡಿ. ಕ್ಯಾಸನೂರು ಇರುವುದು ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನಲ್ಲಿ. 1957ರಲ್ಲಿ ಅಲ್ಲಿನ ಕಾಡಲ್ಲಿ ಮಂಗಗಳು ಒಂದರ ಹಿಂದೆ ಒಂದು ಸತ್ತವು, ಸುತ್ತಲಿನ ಹಳ್ಳಿಯವರು ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದು ನೋಡಿದರು. ಮಂಗಗಳೂ ಸಾಯುತ್ತಿದ್ದದ್ದರಿಂದ ಇದು ಆಫ್ರಿಕಾದ ಹಳದಿ ಜ್ವರ ಇರಬಹುದೇನೋ ಅನ್ನುವ ಭಯ ಮೊದಲು ಇತ್ತು. ಆಮೇಲೆ ಗೊತ್ತಾದದ್ದು, ಇದು ಅಲ್ಲಿಯವರೆಗೆ ಯಾರೂ ಕಂಡಿರದ ಹೊಸ ವೈರಸ್, ರಷ್ಯಾದ ಕಡೆ ಉಣುಗಿನಿಂದ (ಮೈಗೆ ಅಂಟಿ ರಕ್ತ ಹೀರುವ ಸಣ್ಣ ಜೀವಿ) ಬರುವ ಮಿದುಳು ಜ್ವರದ ವೈರಸ್ಸಿಗೆ ಹತ್ತಿರದ ಸಂಬಂಧಿ ಅಂತ.

ಮಂಗದಿಂದ ನೇರವಾಗಿ ಬರುತ್ತಾ?

ಇಲ್ಲ. ಹೆಸರಿನಿಂದಾಗಿ ಮಂಗಗಳಿಗೆ ಸುಮ್ನೆ ಕೆಟ್ಟ ಹೆಸರು ಬಂದಿದೆ. ರೋಗ ತರುವುದು ಉಣುಗು. ಕೆಲವು ಕಡೆ ಉಣ್ಣೆ, ಉಣ್ಣಿ ಅಂತಲೂ ಕರೆಯುತ್ತಾರೆ. ಕಾಡಿನ ಇಲಿ, ಮೂಗಿಲಿಯಂಥ ಸಣ್ಣ ಪ್ರಾಣಿಗಳು ಮತ್ತು ಉಣುಗುಗಳ ನಡುವೆ ಈ ವೈರಸ್ ಸದ್ದಿಲ್ಲದೆ ಓಡಾಡಿಕೊಂಡಿರುತ್ತದೆ. ಅಂಥ ಉಣುಗು ಕಪ್ಪು ಮೂತಿಯ ಮುಸಿಯಕ್ಕೋ ಕೆಂಪು ಮೂತಿಯ ಮಂಗಕ್ಕೋ ಕಚ್ಚಿದರೆ ಅವಕ್ಕೆ ಜೋರಾಗಿ ಕಾಯಿಲೆ ಬರುತ್ತದೆ, ಮೈಯಲ್ಲಿ ವೈರಸ್ ಸಿಕ್ಕಾಪಟ್ಟೆ ಹೆಚ್ಚಾಗುತ್ತದೆ. ಆ ಮಂಗದ ರಕ್ತ ಕುಡಿದ ಮರಿ ಉಣುಗುಗಳಿಗೂ ವೈರಸ್ ಹತ್ತುತ್ತದೆ. ಮಂಗ ಸತ್ತು ಮೈ ತಣ್ಣಗಾದ ಮೇಲೆ ಅವೆಲ್ಲ ಅಲ್ಲೇ ಕೆಳಗೆ ಉದುರುತ್ತವೆ. ಅದಕ್ಕೇ ಸತ್ತ ಮಂಗದ ಸುತ್ತಲಿನ ಜಾಗ ಅಷ್ಟು ಅಪಾಯ.

ಅಂದರೆ ಮಂಗಗಳೂ ನಮ್ಮ ಹಾಗೆ ಈ ರೋಗಕ್ಕೆ ಬಲಿಯಾಗುವವೇ. ಅವು ಸಾಯುತ್ತಿವೆ ಅಂದರೆ ನಮಗೆ ಎಚ್ಚರಿಕೆ ಸಿಕ್ಕಿತು ಅಂತ ಅರ್ಥ. ಹೆದರಿ ಕಲ್ಲು ಹೊಡೆಯುವುದು, ಕೊಲ್ಲುವುದು ತಪ್ಪು, ಕಾನೂನಿಗೂ ವಿರುದ್ಧ, ಅದರಿಂದ ಕಾಯಿಲೆಯೂ ಕಡಿಮೆಯಾಗುವುದಿಲ್ಲ.

ಮಂಗನ ಬಾವು, ಮಂಕಿಪಾಕ್ಸ್ ಎಲ್ಲ ಇದೇನಾ?

ಅಲ್ಲ. ಮಂಗನ ಬಾವು ಅಂದರೆ ಕಿವಿಯ ಕೆಳಗೆ ಕೆನ್ನೆ ಊದಿಕೊಳ್ಳುವುದು, ಹೆಚ್ಚಾಗಿ ಮಕ್ಕಳಿಗೆ. ಅದು ಒಬ್ಬರಿಂದ ಒಬ್ಬರಿಗೆ ಹರಡುತ್ತದೆ. ಮಂಕಿಪಾಕ್ಸ್‌ನಲ್ಲಿ ಮೈಮೇಲೆ ಗುಳ್ಳೆ ಏಳುತ್ತದೆ. ಮೂರಕ್ಕೂ ಒಂದಕ್ಕೊಂದು ಸಂಬಂಧ ಇಲ್ಲ.

ಚಳಿಗಾಲ, ಬೇಸಿಗೆಯಲ್ಲೇ ಯಾಕೆ ಬರುತ್ತೆ?

ಉಣುಗಿನ ಬದುಕನ್ನು ನೋಡಿದರೆ ಇದು ಅರ್ಥ ಆಗುತ್ತದೆ. ಮಳೆಗಾಲದಲ್ಲಿ ದೊಡ್ಡ ಉಣುಗುಗಳು ದನಕರುಗಳ, ಕಾಡುಪ್ರಾಣಿಗಳ ರಕ್ತ ಕುಡಿದು ಕೆಳಗೆ ಬಿದ್ದು ತರಗೆಲೆಯ ನಡುವೆ ಮೊಟ್ಟೆ ಇಡುತ್ತವೆ. ಮಳೆ ನಿಂತ ಮೇಲೆ ಮರಿಗಳು ಹೊರಬರುತ್ತವೆ. ಆ ಮರಿಗಳು ಒಮ್ಮೆ ರಕ್ತ ಕುಡಿದು ಪೊರೆ ಬಿಟ್ಟು ಇನ್ನೊಂದು ಹಂತಕ್ಕೆ ಬರುತ್ತವೆ. ಈ ನಡುವಿನ ಹಂತದ ಉಣುಗು ಎಳ್ಳಿನ ಕಾಳಿನಷ್ಟು ಇರುತ್ತದೆ, ಮನುಷ್ಯರಿಗೆ ಜಾಸ್ತಿ ಕಚ್ಚುವುದು ಇದೇ. ಇವು ಹೆಚ್ಚಾಗಿರುವ ಸಮಯ ಜನವರಿಯಿಂದ ಏಪ್ರಿಲ್‌ವರೆಗೆ.

ನಮ್ಮ ಜನ ಕಾಡಿಗೆ ಹೋಗುವುದೂ ಸರಿಯಾಗಿ ಅದೇ ತಿಂಗಳುಗಳಲ್ಲಿ, ಅಲ್ವಾ? ಕೊಟ್ಟಿಗೆಗೆ ಹಾಸಲು ದರಕು ಬೇಕು, ತೋಟಕ್ಕೆ ಸೊಪ್ಪು ಬೇಕು, ಮಳೆಗಾಲಕ್ಕೆ ಕಟ್ಟಿಗೆ ಒಟ್ಟಬೇಕು, ಕರಡ ಕೊಯ್ಯಬೇಕು. ದರಕು ಗುಡಿಸುವವರು ಬಗ್ಗಿ, ಕೂತು, ಬುಟ್ಟಿಗೆ ಒತ್ತಿ ತುಂಬಿ, ತಲೆ ಮೇಲೆ ಹೊತ್ತು ತರುತ್ತಾರೆ. ಉಣುಗು ಇರುವುದೇ ಆ ಎಲೆಯಲ್ಲಿ. ಹೀಗಾಗಿ ಕಾಯಿಲೆ ಬೀಳುವವರಲ್ಲಿ ಹೆಚ್ಚಿನವರು ಕೂಲಿಯವರು, ಸಣ್ಣ ರೈತರು, ದನ ಕಾಯುವವರು, ಅರಣ್ಯ ಇಲಾಖೆಯ ವಾಚರ್‌ಗಳು. ಕಾಡಿಗೆ ಹೋಗಬೇಡಿ ಅಂತ ಇವರಿಗೆ ಹೇಳುವುದು ಸುಲಭ. ಆದರೆ ಹೋಗದಿದ್ದರೆ ಒಲೆ ಉರಿಯುವುದಿಲ್ಲ, ಗೊಬ್ಬರ ಆಗುವುದಿಲ್ಲ. ಇದನ್ನು ಒಪ್ಪಿಕೊಂಡೇ ಮುಂದಿನ ಮಾತು ಆಡಬೇಕು.

ಲಕ್ಷಣಗಳು ಏನು?

ಉಣುಗು ಕಚ್ಚಿದ ಸುಮಾರು 3ರಿಂದ 8 ದಿನದಲ್ಲಿ ಶುರುವಾಗುತ್ತದೆ. ಶುರುವಾಗುವ ರೀತಿಯೇ ಜೋರು: ಬೆಳಿಗ್ಗೆ ಚೆನ್ನಾಗಿದ್ದವರು ಸಂಜೆಗೆ ಚಳಿ, ವಿಪರೀತ ಜ್ವರ, ಹಣೆಯ ಭಾಗ ಸಿಡಿಯುವಂಥ ತಲೆನೋವು ಅಂತ ಮಲಗಿಬಿಡುತ್ತಾರೆ. ಕುತ್ತಿಗೆ, ಸೊಂಟ, ಮೀನಖಂಡದಲ್ಲಿ ತಡೆಯಲಾರದ ನೋವು. ಕಣ್ಣು ಕೆಂಪಾಗುತ್ತದೆ. ಎರಡು ಮೂರು ದಿನದಲ್ಲಿ ವಾಂತಿ, ಭೇದಿ, ಹೊಟ್ಟೆನೋವು ಸೇರಿಕೊಳ್ಳಬಹುದು. ವಿಪರೀತ ಸುಸ್ತು, ಎದ್ದು ಕೂರಲೂ ಆಗದಷ್ಟು.

ಕೆಲವರಿಗೆ ವಸಡು, ಮೂಗಿನಿಂದ ರಕ್ತ ಬರುತ್ತದೆ, ವಾಂತಿಯಲ್ಲಿ ರಕ್ತ ಕಾಣುತ್ತದೆ ಅಥವಾ ಮಲ ಕಪ್ಪಾಗುತ್ತದೆ. ಬಿಪಿ ಇಳಿಯುತ್ತದೆ. ರಕ್ತ ಪರೀಕ್ಷೆ ಮಾಡಿಸಿದರೆ ಪ್ಲೇಟ್‌ಲೆಟ್, ಬಿಳಿ ರಕ್ತಕಣ ಎರಡೂ ಕಡಿಮೆ ಇರುತ್ತವೆ. ಬಹಳ ಜನ ಒಂದೆರಡು ವಾರದಲ್ಲಿ ಚೇತರಿಸಿಕೊಳ್ಳುತ್ತಾರೆ.

ಜ್ವರ ಬಿಟ್ಟಿತ್ತು, ಮತ್ತೆ ಬಂತು. ಅದು ಬೇರೆ ಜ್ವರನಾ?

ಬೇರೆ ಅಂದುಕೊಂಡು ಸುಮ್ಮನಿರಬೇಡಿ. ಈ ಕಾಯಿಲೆಯ ಬಗ್ಗೆ ಜನರಿಗೆ ಕಡಿಮೆ ಗೊತ್ತಿರುವ ವಿಷಯ ಇದು, ಹಾಗಾಗಿ ಒತ್ತಿ ಹೇಳುತ್ತಿದ್ದೇನೆ. ಮಂಗನ ಕಾಯಿಲೆ ಬಂದವರಲ್ಲಿ ನೂರಕ್ಕೆ 10ರಿಂದ 20 ಜನರಿಗೆ, ಜ್ವರ ಪೂರ್ತಿ ಬಿಟ್ಟು ಒಂದೆರಡು ವಾರ ಆರಾಮಾಗಿದ್ದ ಮೇಲೆ, ಎರಡನೇ ಸುತ್ತು ಬರುತ್ತದೆ. ಈ ಸಲ ತೊಂದರೆ ಮಿದುಳಿನ ಕಡೆ. ಜ್ವರದ ಜೊತೆ ಜೋರು ತಲೆನೋವು, ಕುತ್ತಿಗೆ ಬಿಗಿತ, ಕೈಕಾಲು ನಡುಕ, ಕಣ್ಣು ಮಂಜು, ಮಾತು ಅಸಂಬದ್ಧ. ಮನೆಯವರು "ಜ್ವರದ ನಿಶ್ಶಕ್ತಿ" ಅಂದುಕೊಂಡು ಗಂಜಿ ಕೊಟ್ಟು ಮಲಗಿಸಿಬಿಡುತ್ತಾರೆ. ಹಾಗೆ ಮಾಡಬೇಡಿ. ಆಸ್ಪತ್ರೆಯಿಂದ ಬಂದ ಮೇಲೂ ಮೂರು ನಾಲ್ಕು ವಾರ ಮನೆಯಲ್ಲಿ ಒಬ್ಬರು ಗಮನ ಇಡಿ, ಏನೇ ವ್ಯತ್ಯಾಸ ಕಂಡರೂ ತಡ ಮಾಡದೆ ವಾಪಸ್ ಕರೆದುಕೊಂಡು ಹೋಗಿ.

ಡೆಂಗಿ, ಇಲಿ ಜ್ವರ ಎಲ್ಲದರಲ್ಲೂ ಹೀಗೇ ಅಲ್ವಾ? ಹೇಗೆ ಗೊತ್ತಾಗುತ್ತೆ?

ನಿಜ, ಮೊದಲ ಎರಡು ಮೂರು ದಿನ ಎಲ್ಲವೂ ಒಂದೇ ಥರ ಕಾಣುತ್ತವೆ. ಮನೆಯಲ್ಲಿ ಕೂತು ಇದು ಅದೇ ಅಂತ ಹೇಳಲು ಯಾರಿಂದಲೂ ಆಗುವುದಿಲ್ಲ. ಆದರೂ ಒಂದಷ್ಟು ಸುಳಿವು ಇರುತ್ತವೆ. ಡೆಂಗಿ, ಇಲಿ ಜ್ವರ ಹೆಚ್ಚಾಗಿ ಮಳೆಗಾಲ ಮತ್ತು ಅದರ ಬೆನ್ನಿಗೆ. ಮಂಗನ ಕಾಯಿಲೆ ಒಣ ತಿಂಗಳುಗಳಲ್ಲಿ. ಇಲಿ ಜ್ವರ ಬರುವುದು ಇಲಿಯ ಉಚ್ಚೆ ಸೇರಿದ ನೀರು, ಕೆಸರಿನಿಂದ, ಅದರಲ್ಲಿ ಕಾಮಾಲೆಯೂ ಕಾಣಿಸಿಕೊಳ್ಳಬಹುದು.

ಇನ್ನೊಂದಿದೆ, ಸ್ಕ್ರಬ್ ಟೈಫಸ್. ಪೊದೆ, ಹುಲ್ಲಿನಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ಹುಳ ಕಚ್ಚಿ ಬರುತ್ತದೆ. ಕಚ್ಚಿದ ಜಾಗದಲ್ಲಿ, ಕಂಕುಳು, ತೊಡೆಸಂದಿಯಂಥ ಮರೆಯ ಕಡೆ, ಸುಟ್ಟ ಗಾಯದ ಥರ ಕಪ್ಪು ಹಕ್ಕಳೆ ಇರಬಹುದು. ಇದಕ್ಕೆ ಡಾಕ್ಸಿಸೈಕ್ಲಿನ್ ಅನ್ನುವ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತದೆ, ತಡ ಮಾಡಿದರೆ ಜೀವಕ್ಕೆ ಅಪಾಯ. ಹಾಗಾಗಿ ಮೈಮೇಲೆ ಅಂಥ ಗುರುತು ಇದ್ದರೆ ನಾಚಿಕೆ ಪಡದೆ ಡಾಕ್ಟರಿಗೆ ತೋರಿಸಿ. "ಹೇಗೂ ಮಂಗನ ಕಾಯಿಲೆಗೆ ಔಷಧಿ ಇಲ್ವಲ್ಲ, ಯಾಕೆ ಹೋಗಬೇಕು" ಅನ್ನುವವರಿಗೆ ಇದೇ ನನ್ನ ಉತ್ತರ: ನಿಮ್ಮದು ಮಂಗನ ಕಾಯಿಲೆಯೇ ಅಂತ ಪರೀಕ್ಷೆ ಮಾಡಿಸದೆ ನಿಮಗೆ ಹೇಗೆ ಗೊತ್ತು?

ಯಾವ ಪರೀಕ್ಷೆ? ಎಲ್ಲಿ ಮಾಡುತ್ತಾರೆ?

ರಕ್ತ ತೆಗೆದು ಕಳಿಸುತ್ತಾರೆ. ಜ್ವರದ ಮೊದಲ ದಿನಗಳಲ್ಲಿ ಆರ್‌ಟಿ-ಪಿಸಿಆರ್, ಕೋವಿಡ್ ಕಾಲದಲ್ಲಿ ಎಲ್ಲರಿಗೂ ಗೊತ್ತಾದ ಅದೇ ಬಗೆಯ ಪರೀಕ್ಷೆ, ಆದರೆ ಇಲ್ಲಿ ಮೂಗಿನ ಬದಲು ರಕ್ತದಿಂದ. ದಿನ ಕಳೆದ ಮೇಲೆ ಐಜಿಎಂ ಅನ್ನುವ ಪ್ರತಿಕಾಯದ ಪರೀಕ್ಷೆ. ಶಿವಮೊಗ್ಗದಲ್ಲಿ ಇದಕ್ಕೆಂದೇ ವೈರಸ್ ಪತ್ತೆ ಪ್ರಯೋಗಾಲಯ ಇದೆ, ಪ್ರಾಥಮಿಕ ಆರೋಗ್ಯ ಕೇಂದ್ರದಿಂದಲೇ ಮಾದರಿ ಹೋಗುತ್ತದೆ. ಆಸ್ಪತ್ರೆಗೆ ಹೋದಾಗ ಜ್ವರ ಶುರುವಾದ ದಿನ ಯಾವುದು ಅಂತ ಸರಿಯಾಗಿ ಹೇಳಿ. ಯಾವ ಪರೀಕ್ಷೆ ಮಾಡಬೇಕು ಅನ್ನುವುದು ಅದರ ಮೇಲೆ ನಿಂತಿದೆ.

ಔಷಧಿಯೇ ಇಲ್ಲ ಅಂದ ಮೇಲೆ ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ?

ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲ, ನಿಜ. ಆದರೆ ಈ ಕಾಯಿಲೆಯಲ್ಲಿ ಜೀವ ಹೋಗುವುದು ರಕ್ತಸ್ರಾವದಿಂದ, ಬಿಪಿ ಕುಸಿಯುವುದರಿಂದ, ಮಿದುಳು, ಶ್ವಾಸಕೋಶಕ್ಕೆ ಪೆಟ್ಟು ಬೀಳುವುದರಿಂದ. ಇವನ್ನೆಲ್ಲ ಆಸ್ಪತ್ರೆಯಲ್ಲಿ ಗಮನಿಸಿ ಸಂಭಾಳಿಸಬಹುದು. ಲೆಕ್ಕ ಇಟ್ಟು ಡ್ರಿಪ್ ಕೊಡುತ್ತಾರೆ, ದಿನಾ ರಕ್ತ ಪರೀಕ್ಷೆ ಮಾಡುತ್ತಾರೆ, ಬೇಕಾದರೆ ರಕ್ತ ಅಥವಾ ಪ್ಲೇಟ್‌ಲೆಟ್ ಏರಿಸುತ್ತಾರೆ, ಫಿಟ್ಸ್ ಬಂದರೆ ಅದಕ್ಕೆ ಔಷಧಿ ಕೊಡುತ್ತಾರೆ. ಕಾಯಿಲೆ ಬಂದ ನೂರು ಜನರಲ್ಲಿ 3ರಿಂದ 5 ಜನ ಸಾಯುತ್ತಾರೆ ಅನ್ನುವುದು ಸಾಮಾನ್ಯವಾಗಿ ಕೊಡುವ ಅಂದಾಜು. ಹಾಗಾಗಿ ಮಂಗನ ಕಾಯಿಲೆ ಅಂದ ಕೂಡಲೇ ಕಥೆ ಮುಗಿಯಿತು ಅಂತ ಎದೆಗುಂದಬೇಡಿ.

ಮನೆಯಲ್ಲಿ ಯಾವ ಮಾತ್ರೆ ಕೊಡಬಹುದು?

ಜ್ವರಕ್ಕೆ ಪ್ಯಾರಾಸಿಟಮಾಲ್, ಅದೂ ಡಾಕ್ಟರು ಹೇಳಿದ ಪ್ರಮಾಣದಲ್ಲಿ. ಮೈಕೈ ನೋವು ಜಾಸ್ತಿ ಅಂತ ಡೈಕ್ಲೊಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಕೊಡಲೇಬೇಡಿ. ಇವು ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ನಮ್ಮ ಹಳ್ಳಿಗಳಲ್ಲಿ ನೋವಿಗೆ ಒಂದು ಇಂಜೆಕ್ಷನ್ ಚುಚ್ಚಿಸಿಕೊಂಡು ಬರುವ ಅಭ್ಯಾಸ ಇದೆ. ಈ ಜ್ವರದಲ್ಲಿ ಅದು ಬೇಡವೇ ಬೇಡ. ಪಪ್ಪಾಯಿ ಎಲೆ ರಸ ಕುಡಿಸಬಹುದಾ ಅಂತ ತುಂಬ ಜನ ಕೇಳುತ್ತಾರೆ. ಅದನ್ನು ನಂಬಿಕೊಂಡು ಆಸ್ಪತ್ರೆಗೆ ಹೋಗುವುದನ್ನು ಮುಂದೂಡಬೇಡಿ. ಮೊದಲೇ ವಾಂತಿ ಆಗುತ್ತಿರುವವರಿಗೆ ಆ ಕಹಿ ರಸ ಇನ್ನಷ್ಟು ವಾಂತಿ ತರಿಸುತ್ತದೆ. ಕುಡಿಯಲು ಆಗುವವರಿಗೆ ಗಂಜಿ, ಎಳನೀರು, ಓಆರ್‌ಎಸ್ ಕೊಡಿ.

ಎಲ್ಲಿಂದಾದರೂ ರಕ್ತ ಬಂದರೆ, ಮಂಪರು, ಗೊಂದಲದ ಮಾತು, ಫಿಟ್ಸ್, ಉಸಿರಾಟದ ತೊಂದರೆ ಕಂಡರೆ, ಮೂತ್ರ ಕಡಿಮೆಯಾದರೆ 108ಕ್ಕೆ ಫೋನ್ ಮಾಡಿ. ಬೆಳಗಾಗಲಿ ಅಂತ ಕಾಯಬೇಡಿ.

ಲಸಿಕೆ ಇತ್ತಲ್ಲ? ನಾವು ಹಾಕಿಸಿಕೊಂಡಿದ್ದೆವು.

ಇತ್ತು. 1990ರಿಂದ ಕೊಡುತ್ತಿದ್ದರು. ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್, ಆಮೇಲೆ ಬೂಸ್ಟರ್‌ಗಳು. ತೋಳು ಸಿಕ್ಕಾಪಟ್ಟೆ ನೋಯುತ್ತಿತ್ತು, ಎಷ್ಟೋ ಜನ ಒಂದೇ ಡೋಸಿಗೆ ನಿಲ್ಲಿಸಿಬಿಡುತ್ತಿದ್ದರು. ಎಲ್ಲ ಡೋಸ್ ಹಾಕಿಸಿಕೊಂಡವರಿಗೂ ಕಾಯಿಲೆ ಬಂದದ್ದು ಇದೆ. ಅದರ ಶಕ್ತಿ ಸಾಲದು ಅಂತ ಕಂಡುಬಂದ ಮೇಲೆ 2022ರಲ್ಲಿ ಕೊಡುವುದನ್ನು ನಿಲ್ಲಿಸಿದರು. ಹಳೆ ಲಸಿಕೆ ಹಾಕಿಸಿಕೊಂಡಿದ್ದೇನೆ, ನನಗೇನೂ ಆಗಲ್ಲ ಅಂತ ಧೈರ್ಯ ತಂದುಕೊಳ್ಳಬೇಡಿ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಕಂಪನಿ ಸೇರಿ ಹೊಸ ಲಸಿಕೆಯ ಕೆಲಸ ಕೈಗೆತ್ತಿಕೊಂಡಿವೆ. 1957ರಲ್ಲೇ ಗುರುತು ಹಿಡಿದ ಕಾಯಿಲೆಗೆ ಇಷ್ಟು ವರ್ಷವಾದರೂ ನಂಬಿಕೊಳ್ಳುವಂಥ ಲಸಿಕೆ ಇಲ್ಲ ಅನ್ನುವುದು ನನಗೆ ಬಹಳ ನೋವಿನ ವಿಷಯ. ಕಾಯಿಲೆ ಬೀಳುವವರು ಬೆಟ್ಟದಲ್ಲಿ ದರಕು ಗುಡಿಸುವ ಬಡವರ ಬದಲು ಪೇಟೆಯವರಾಗಿದ್ದರೆ ಇಷ್ಟು ತಡ ಆಗುತ್ತಿರಲಿಲ್ಲ ಅಂತಲೇ ನನ್ನ ನಂಬಿಕೆ.

ಕಾಡಿಗೆ ಹೋಗಲೇಬೇಕು. ಏನು ಎಚ್ಚರ ವಹಿಸಲಿ?

ಹೋಗುವ ಮೊದಲು ಮೈಮುಚ್ಚುವ ಬಟ್ಟೆ ಹಾಕಿ. ತುಂಬು ತೋಳಿನ ಅಂಗಿ, ಪ್ಯಾಂಟು, ಪ್ಯಾಂಟಿನ ತುದಿ ಸಾಕ್ಸ್ ಒಳಗೆ, ಕಾಲಿಗೆ ಬೂಟು. ಹೆಂಗಸರು ಸೀರೆ ಮೇಲೆ ಗಂಡಸರ ಹಳೆ ಅಂಗಿ ಹಾಕಿಕೊಳ್ಳುವುದು ರೂಢಿ, ಅದರ ಜೊತೆ ಒಳಗೊಂದು ಪ್ಯಾಂಟು ಇದ್ದರೆ ಒಳ್ಳೆಯದು. ತಿಳಿ ಬಣ್ಣದ ಬಟ್ಟೆಯಾದರೆ ಉಣುಗು ಹರಿಯುವುದು ಕಾಣುತ್ತದೆ. ಬಟ್ಟೆಯಿಂದ ಹೊರಗಿರುವ ಕೈಕಾಲಿಗೆ, ಉಣುಗು ಹತ್ತದಂತೆ ತಡೆಯುವ ಡೆಪಾ ಎಣ್ಣೆ ಹಚ್ಚಿ. ಇದನ್ನು ಕಂಡುಹಿಡಿದದ್ದು ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ. ಕಾಯಿಲೆ ಇರುವ ಊರುಗಳಲ್ಲಿ ಆಶಾ ಕಾರ್ಯಕರ್ತೆಯರ ಮೂಲಕ ಉಚಿತವಾಗಿ ಹಂಚುತ್ತಾರೆ. ಕಣ್ಣು, ಬಾಯಿ, ಗಾಯದ ಹತ್ತಿರ ಹಚ್ಚಬೇಡಿ. ಊಟಕ್ಕೆ ಮೊದಲು ಕೈ ಚೆನ್ನಾಗಿ ತೊಳೆದುಕೊಳ್ಳಿ. ಜಿಡ್ಡು, ವಾಸನೆ ಅಂತ ಬಾಟಲಿಯನ್ನು ಗೂಡಿನಲ್ಲೇ ಇಟ್ಟುಬಿಟ್ಟರೆ ಪ್ರಯೋಜನ ಇಲ್ಲ.

ಕಾಡಲ್ಲಿ ತರಗೆಲೆ ಮೇಲೆ ಕೂರಬೇಡಿ, ಮಲಗಬೇಡಿ. ಬುತ್ತಿ ಉಣ್ಣಲು ಬಂಡೆಯೋ ಬಯಲೋ ನೋಡಿಕೊಳ್ಳಿ.

ವಾಪಸ್ ಬಂದ ಮೇಲಿನ ಅರ್ಧ ಗಂಟೆ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. ಹೊತ್ತು ತಂದ ದರಕನ್ನು ಮನೆಯಂಗಳದಲ್ಲಿ, ಮಕ್ಕಳು ಆಡುವ ಕಡೆ ಹಾಕಬೇಡಿ. ಹಾಕಿಕೊಂಡ ಬಟ್ಟೆಯಲ್ಲೇ ಜಗಲಿ ಮೇಲೆ ಕೂತು ಚಾ ಕುಡಿಯಬೇಡಿ, ನೇರ ಬಚ್ಚಲಿಗೆ ಹೋಗಿ. ಬಟ್ಟೆ ಬಿಚ್ಚಿ ಹಂಡೆಯ ಕುದಿಯುವ ನೀರಿನಲ್ಲಿ ಅದ್ದಿ ಬಿಡಿ. ಸೋಪು ಹಚ್ಚಿ, ಮೈ ತಿಕ್ಕಿ, ಬಿಸಿನೀರು ಸ್ನಾನ ಮಾಡಿ. ಮಾಡುವಾಗಲೇ ಬೆರಳಿನಿಂದ ಹುಡುಕಿ: ಕಿವಿಯ ಹಿಂದೆ, ಕೂದಲ ಬುಡ, ಕಂಕುಳು, ಹೊಕ್ಕುಳು, ಸೊಂಟದಲ್ಲಿ ಪ್ಯಾಂಟೋ ಲಂಗವೋ ಬಿಗಿಯಾಗುವ ಜಾಗ, ತೊಡೆಸಂದಿ, ಮೊಣಕಾಲ ಹಿಂದೆ. ಬೆನ್ನನ್ನು ಮನೆಯವರು ನೋಡಲಿ. ಮಚ್ಚೆ ಅಂದುಕೊಂಡದ್ದು ಎಷ್ಟೋ ಸಲ ಉಣುಗಾಗಿರುತ್ತದೆ.

ಉಣುಗು ಕಚ್ಚಿ ಹಿಡಿದಿದೆ. ಹೇಗೆ ತೆಗೆಯಲಿ?

ಚಿಮಟ ತಗೊಳ್ಳಿ. ಚರ್ಮಕ್ಕೆ ಎಷ್ಟು ಹತ್ತಿರ ಆಗುತ್ತೋ ಅಷ್ಟು ಹತ್ತಿರದಲ್ಲಿ ಅದರ ತಲೆಯ ಭಾಗ ಹಿಡಿದು, ತಿರುಚದೆ, ಒಂದೇ ಸಮ ನಿಧಾನವಾಗಿ ಮೇಲಕ್ಕೆ ಎಳೆಯಿರಿ. ಬೀಡಿ ತುದಿಯಿಂದ ಸುಡುವುದು, ಸೀಮೆಎಣ್ಣೆ, ಸುಣ್ಣ ಹಚ್ಚುವುದು ಬೇಡ. ಉಗುರಿನಿಂದ ಕುಕ್ಕಿ ಸಾಯಿಸುವುದಂತೂ ಬೇಡವೇ ಬೇಡ, ಅದರೊಳಗಿನ ರಕ್ತ ಕೈಗೆ ಹತ್ತುತ್ತದೆ. ತೆಗೆದದ್ದನ್ನು ಸೋಪಿನ ನೀರಿಗೆ ಹಾಕಿ, ಕಚ್ಚಿದ ಜಾಗ, ಕೈ ಎರಡನ್ನೂ ಸೋಪಿನಿಂದ ತೊಳೆಯಿರಿ. ಆ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಉಣುಗು ಕಚ್ಚಿದವರಿಗೆಲ್ಲ ಕಾಯಿಲೆ ಬರುವುದಿಲ್ಲ. ಮುಂದಿನ ಎರಡು ವಾರದಲ್ಲಿ ಜ್ವರ ಬಂದರೆ ಮಾತ್ರ ಆ ತಾರೀಕು ಡಾಕ್ಟರಿಗೆ ಬಹಳ ಉಪಯೋಗಕ್ಕೆ ಬರುತ್ತದೆ.

ತೋಟದಲ್ಲಿ ಮಂಗ ಸತ್ತು ಬಿದ್ದಿದೆ. ಹೂಳಿಬಿಡಲಾ?

ಹತ್ತಿರವೂ ಹೋಗಬೇಡಿ. ನಮ್ಮಲ್ಲಿ ಮಂಗ ಅಂದರೆ ಆಂಜನೇಯ ಅನ್ನುವ ಭಾವನೆ ಇದೆ, ಪೂಜೆ ಮಾಡಿ ಹೂಳುವ ಪದ್ಧತಿ ಇದೆ, ಆ ಭಕ್ತಿಗೆ ನನ್ನ ಗೌರವ ಇದೆ. ಆದರೆ ಈ ತಿಂಗಳುಗಳಲ್ಲಿ ಮುಟ್ಟಬೇಡಿ. 2012ರಲ್ಲಿ ಬಂಡೀಪುರದ ಕಡೆ ಮಂಗಗಳು ಸತ್ತಾಗ, ಆ ದೇಹಗಳನ್ನು ವಿಲೇವಾರಿ ಮಾಡಿದ ಅರಣ್ಯ ಸಿಬ್ಬಂದಿಗೇ ಕಾಯಿಲೆ ಬಂತು. ನಾಯಿ, ದನಗಳನ್ನೂ ಆ ಕಡೆ ಬಿಡಬೇಡಿ. ಆಶಾ ಕಾರ್ಯಕರ್ತೆಗೆ, ಪಂಚಾಯಿತಿಗೆ, ಇಲ್ಲವೇ ಅರಣ್ಯ ಇಲಾಖೆಗೆ ತಕ್ಷಣ ತಿಳಿಸಿ. ಅವರು ರಕ್ಷಣಾ ಬಟ್ಟೆ ಹಾಕಿಕೊಂಡು ಬಂದು, ಪಶುವೈದ್ಯರಿಂದ ಮಾದರಿ ತೆಗೆಸಿ, ದೇಹವನ್ನು ಸುಟ್ಟು, ಸುತ್ತಲೂ ಮೆಲಾಥಿಯಾನ್ ಅನ್ನುವ ಕೀಟನಾಶಕದ ಪುಡಿ ಹಾಕುತ್ತಾರೆ. ಆ ಜಾಗಕ್ಕೆ ಆ ಋತು ಮುಗಿಯುವವರೆಗೆ ದರಕಿಗೆ ಹೋಗಬೇಡಿ.

ದನಗಳಿಗೂ ಬರುತ್ತಾ? ಹಾಲು ಕುಡಿಯಬಹುದಾ?

ದನಗಳು ಇದರಿಂದ ಕಾಯಿಲೆ ಬೀಳುವುದಿಲ್ಲ. ಆದರೆ ದೊಡ್ಡ ಉಣುಗುಗಳಿಗೆ ಹೊಟ್ಟೆ ತುಂಬ ರಕ್ತ ಸಿಗುವುದು ಅವುಗಳಿಂದಲೇ, ಕಾಡಲ್ಲಿ ಮೇಯುವ ದನ ಹೆಚ್ಚಿದ್ದಷ್ಟೂ ಉಣುಗೂ ಹೆಚ್ಚು. ಪಶು ಆಸ್ಪತ್ರೆಯಲ್ಲಿ ಉಣುಗಿನ ಔಷಧಿ ಸಿಗುತ್ತದೆ. ಹಾಕಿಸಿದ ಮೇಲೆ ಎಷ್ಟು ದಿನ ಹಾಲು ಬಳಸಬಾರದು ಅಂತ ಕೇಳಿಕೊಳ್ಳಿ. ಹಾಲಿನಿಂದ ಈ ಕಾಯಿಲೆ ಮನುಷ್ಯರಿಗೆ ಬಂದ ಪುರಾವೆ ಇಲ್ಲ. ಕಾಯಿಸಿ ಕುಡಿಯಿರಿ.

ಕಾಯಿಲೆ ಬಂದವರ ಮನೆಗೆ ಹೋಗಬಹುದಾ?

ಧಾರಾಳವಾಗಿ ಹೋಗಿ. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ. ಜೊತೆಗೆ ಕೂತು ಉಣ್ಣಬಹುದು, ಮೈ ಒರೆಸಬಹುದು, ಮಗುವನ್ನು ಹತ್ತಿರ ಬಿಡಬಹುದು. ಅಂಥ ಮನೆಯವರನ್ನು ಕೆಲಸಕ್ಕೆ ಕರೆಯದೆ ಇರುವುದು, ಬಾವಿಯಿಂದ ದೂರ ಇಡುವುದು ಅನ್ಯಾಯ. ಅಪ್ಪನೋ ಅಮ್ಮನೋ ಆಸ್ಪತ್ರೆಯಲ್ಲಿರುವಾಗ ಅವರ ದನಕ್ಕೆ ಹುಲ್ಲು ಹಾಕುವವರು, ಮಕ್ಕಳಿಗೆ ಊಟ ಕೊಡುವವರು ಬೇಕು.

ಎಲ್ಲೆಲ್ಲಿ ಇದೆ? ನಾವು ಬೆಂಗಳೂರಿನಿಂದ ಟ್ರೆಕ್ಕಿಂಗ್‌ಗೆ ಬರಬಹುದಾ?

ಮೊದಲು ಶಿವಮೊಗ್ಗ ಜಿಲ್ಲೆಯ ಕಾಯಿಲೆ ಅನ್ನುತ್ತಿದ್ದರು. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ತಾಲೂಕಿನ ನಿಡ್ಲೆಯಲ್ಲಿ, ಗೇರು ತೋಪಿಗಾಗಿ ಕಾಡು ಕಡಿದ ಬೆನ್ನಿಗೆ, ದೊಡ್ಡ ಪ್ರಮಾಣದಲ್ಲಿ ಬಂತು. ಈಗ ಉತ್ತರ ಕನ್ನಡ, ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡದಲ್ಲೂ, ರಾಜ್ಯದ ಆಚೆ ಕೇರಳದ ವಯನಾಡು, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗದಲ್ಲೂ ಕಂಡಿದೆ. 2018ರ ಕೊನೆಯಲ್ಲಿ ಸಾಗರ ತಾಲೂಕಿನ ಅರಳಗೋಡು ಸುತ್ತಮುತ್ತ ಶುರುವಾದದ್ದು ಮುಂದಿನ ಬೇಸಿಗೆಯವರೆಗೆ ಎಳೆಯಿತು, ಜೀವಗಳೂ ಹೋದವು.

ಜೋಗ ನೋಡಿ, ದೇವಸ್ಥಾನಕ್ಕೆ ಹೋಗಿ ರಸ್ತೆಯಲ್ಲೇ ವಾಪಸ್ ಹೋಗುವವರು ಹೆದರಬೇಕಾಗಿಲ್ಲ. ಕಾಡೊಳಗೆ ನಡೆಯುವವರು ಮೇಲೆ ಹೇಳಿದ ಎಚ್ಚರಗಳನ್ನೆಲ್ಲ ಪಾಲಿಸಿ, ಆ ಊರಲ್ಲಿ ಮಂಗ ಸತ್ತಿದೆಯಾ ಅಂತ ಸ್ಥಳೀಯರನ್ನು ಕೇಳಿ. ಬೆಂಗಳೂರಿಗೆ ಹೋದ ಮೇಲೆ ಜ್ವರ ಬಂದರೆ, ಮಲೆನಾಡಿನ ಕಾಡಿಗೆ ಹೋಗಿದ್ದೆ ಅಂತ ಅಲ್ಲಿನ ಡಾಕ್ಟರಿಗೆ ನೀವಾಗಿಯೇ ಹೇಳಬೇಕು. ಅವರಿಗೆ ಈ ಕಾಯಿಲೆಯ ನೆನಪು ತಾನಾಗಿ ಬರದೇ ಇರಬಹುದು.

ಗುಣವಾದ ಮೇಲೆ ಕೆಲಸಕ್ಕೆ ಯಾವಾಗ ಹೋಗಬಹುದು?

ಜ್ವರ ಬಿಟ್ಟರೂ ಸುಸ್ತು, ಮಾಂಸಖಂಡಗಳ ನಿಶ್ಶಕ್ತಿ ವಾರಗಟ್ಟಲೆ ಇರುತ್ತದೆ, ಕೆಲವರಿಗೆ ತಿಂಗಳ ಮೇಲೂ. ದಿನಗೂಲಿಯವರಿಗೆ ಇದು ಎಷ್ಟು ಕಷ್ಟ ಅಂತ ಗೊತ್ತು, ಆದರೂ ಹೊರೆ ಹೊರುವುದು, ಮರ ಹತ್ತುವುದು, ಗಾಡಿ ಓಡಿಸುವುದು ಸದ್ಯಕ್ಕೆ ಬೇಡ. ಕೈ ನಡುಗುವುದು, ತಲೆಸುತ್ತು ಪೂರ್ತಿ ನಿಂತಿರಬೇಕು. ಮೊದಲ ಮೂರು ನಾಲ್ಕು ವಾರ ಒಬ್ಬರೇ ತೋಟಕ್ಕೆ ಹೋಗಬೇಡಿ. ಮರುಪರೀಕ್ಷೆಗೆ ಹೇಳಿದ ದಿನ ತಪ್ಪಿಸಬೇಡಿ, ಹೋಗುವಾಗ ಡಿಸ್ಚಾರ್ಜ್ ಚೀಟಿ ತಗೊಂಡು ಹೋಗಿ.